ಅಪ್ಪನ ಕಡೆಯನ್ನು ಯಾರೂ ಕೇಳಲಿಲ್ಲ

ಕಾಸರಗೋಡು
೧೪-೨-೧೯೫೩

ಹಠದಲ್ಲಿ ಯಾರಿಗೂ ಸೋಲದ ನನ್ನ ತಮ್ಮ ಪುರಂದರನಿಗೆ,

ಆಶೀರ್ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಸಾಲಿನಿಂದ ಬೈಗುಳ ಶುರುವಾಗುತ್ತದೆ. ನಾವಿಬ್ಬರು ಹುಟ್ಟಿದಂದಿನಿಂದ ತುಳುವಿನಲ್ಲೇ ಜಗಳ ಮಾಡಿದವರು. ಕಾಗದಕ್ಕೆ ಮಾತ್ರ ಶಾಲೆಯ ಕನ್ನಡ. ಇದರಲ್ಲಿ ಬೈದರೆ ಅರ್ಧ ಸಿಟ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಆದ್ದರಿಂದ ನಾನು ಬರೆದದ್ದನ್ನೆಲ್ಲ ಎರಡು ಪಟ್ಟು ಮಾಡಿಕೊಂಡು ಓದು.

ಮಂಗಳವಾರ ಒಂದೇ ಟಪ್ಪಾಲಿನಲ್ಲಿ ಎರಡು ಕಾಗದ ಬಂತು. ಒಂದು ನಿನ್ನ ಆಸ್ಪತ್ರೆಯ ಡಾಕ್ಟರ್ ಶಿವಸುಬ್ರಹ್ಮಣ್ಯ ಭಟ್ಟರದ್ದು. ಹನ್ನೊಂದು ತಿಂಗಳಿಂದ ನೀನು ಸರಿಯಾಗಿದ್ದೀ, ಈ ತಿಂಗಳ ಕೊನೆಯೊಳಗೆ ಮನೆಯವರು ಬಂದು ಕರೆದುಕೊಂಡು ಹೋಗಬಹುದು, ಇಲ್ಲವಾದರೆ ನಿನ್ನನ್ನು ಹಿಂಬದಿಯ ಕಟ್ಟಡಕ್ಕೆ ಸೇರಿಸಬೇಕಾಗುತ್ತದೆ ಎಂದು ಬರೆದಿದ್ದರು. ಆ ಕಟ್ಟಡಕ್ಕೆ ಹೋದವರು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. ಆರು ವರ್ಷ ಕಾದ ಕಾಗದ ಅದು. ಓದಿ ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ಆಮೇಲೆ ಕಣ್ಣೊರಸಿಕೊಂಡು ನಿನ್ನ ಕಾಗದ ಒಡೆದೆ. ನನ್ನ ಬುದ್ಧಿ! ಅದನ್ನು ಮರುದಿನ ಒಡೆಯಬೇಕಿತ್ತು.

"ನಾನು ಬರುವುದಿಲ್ಲ. ಸೌದಾಮಿನಿ ಬೆಳೆಯುವ ಮನೆಯಲ್ಲಿ ನಾನಿರಬಾರದು. ಕಾರಣವನ್ನು ಜೊತೆಗಿಟ್ಟ ಹಾಳೆಯಲ್ಲಿ ನೋಡು." ಇಷ್ಟೇ. ಒಂದು 'ಕ್ಷೇಮವೇ' ಇಲ್ಲ, ಒಂದು ಸುಡುಗಾಡಿಲ್ಲ. ಜೊತೆಗೊಂದು ಹಾಳೆ! ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವುದು ಕಲಿತ ಕೈ ನಿನ್ನದು, ಅದನ್ನು ಇದಕ್ಕೆ ಉಪಯೋಗಿಸಿದಿಯಲ್ಲ ಮಾರಾಯ. ಅಡ್ಡಕೋಲು ಹಿಡಿದು ಗೆರೆ ಎಳೆದು, ಮುತ್ತಜ್ಜಿಯಿಂದ ಹಿಡಿದು ನನ್ನ ಮಗಳು ಸೌದಾಮಿನಿಯವರೆಗೆ, ತಾಯಿಯಿಂದ ಬರುವ ನಮ್ಮ ಕುಲದ, ನಮ್ಮ ಬರಿಯ, ಎಲ್ಲರ ಹೆಸರು. ತಲೆ ಕೆಟ್ಟವರ ಹೆಸರಿನ ಮುಂದೆ ಕಪ್ಪು ಬೊಟ್ಟು. ನಿನ್ನ ಮುಂದೆ ಎಲ್ಲಕ್ಕಿಂತ ದೊಡ್ಡ ಬೊಟ್ಟು. ಸೌದಾಮಿನಿಯ ಮುಂದೆ ಪೆನ್ಸಿಲಿನಲ್ಲಿ ಒಂದು ಖಾಲಿ ಸೊನ್ನೆ. ಆ ಸೊನ್ನೆ ಕಂಡು ನನಗೆ ಎಷ್ಟು ಸಿಟ್ಟು ಬಂತೆಂದರೆ, ಮಕ್ಕಳ ಕಾಪಿ ತಿದ್ದುವ ಕೆಂಪು ಶಾಯಿ ತಂದು ನಿನ್ನ ಹಾಳೆಯನ್ನು ಅಲ್ಲೇ ತಿದ್ದಲು ಕೂತೆ.

ಮೊದಲನೇ ಬೊಟ್ಟು ಈಶ್ವರಿ ಅಜ್ಜಿ. ಖಾಲಿ ತೊಟ್ಟಿಲು ತೂಗುತ್ತ ಮಾತಾಡುತ್ತಿದ್ದಳು, ಆದ್ದರಿಂದ ಹುಚ್ಚಿ. ಸಿಡುಬಿನಲ್ಲಿ ಹದಿನೈದು ದಿನದೊಳಗೆ ಮೂರು ಮಕ್ಕಳನ್ನು ಮಣ್ಣಿಗೆ ಹಾಕಿದವಳು ತೊಟ್ಟಿಲ ಹತ್ತಿರ ಕೂತು ಮತ್ತೆಂತ ಮಾಡಬೇಕಿತ್ತು, ಭಜನೆಯಾ? ಎರಡನೆಯವ ಅಜ್ಜಿಯ ತಮ್ಮ ಸಂಕಪ್ಪ. ಅವನಿಗಿದ್ದದ್ದು ಹುಚ್ಚಲ್ಲ, ಕಳ್ಳಿನ ಮಡಕೆ. ಇಡೀ ಊರಿಗೆ ಗೊತ್ತಿದ್ದದ್ದು ನಿನಗೊಬ್ಬನಿಗೆ ಗೊತ್ತಿಲ್ಲವಾ? ಇಬ್ಬರಿಗೂ ಅಡ್ಡಗೆರೆ ಎಳೆದೆ.

ಮೂರನೆಯದು ನಮ್ಮ ಅಮ್ಮ. ಅಮ್ಮನ ಮುಂದೆ ಬೊಟ್ಟಿಡಲು ನಿನಗೆ ಕೈಯಾದರೂ ಹೇಗೆ ಬಂತು? "ಕೊನೆಯ ನಾಲ್ಕು ವರ್ಷ ಮಾತಾಡಲಿಲ್ಲ" ಎಂದು ಷರಾ ಬೇರೆ! ಅವಳ ಒಬ್ಬನೇ ಮಗನನ್ನು ಅವಳದೇ ಮನೆಯ ಭತ್ತದ ಕೋಣೆಯಲ್ಲಿ, ಅವಳ ಸ್ವಂತ ಅಣ್ಣ, ಕಾಲಿಗೆ ಸರಪಳಿ ಹಾಕಿ ಕೂರಿಸಿದ. ಕಿಟಕಿಯ ಸರಳಿನೊಳಗಿಂದ ಗಂಜಿ ಕೊಡುತ್ತಿದ್ದವಳು ಅವಳು. ಅಂಥವಳು ಯಾರೊಟ್ಟಿಗೆ, ಎಂತ ಮಾತಾಡಬೇಕಿತ್ತು ಹೇಳು. ಆ ಬೊಟ್ಟನ್ನು ತಿದ್ದಲಿಲ್ಲ ನಾನು. ಬ್ಲೇಡಿನಿಂದ ಕೆರೆದು ತೆಗೆದೆ. ಹಾಳೆಯಲ್ಲಿ ಈಗ ಅಲ್ಲೊಂದು ತೂತು ಉಂಟು.

ಈ ಪಟ್ಟಿ ನಿನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ನನಗೆ ಗೊತ್ತು. ದೀಪಾವಳಿ ಕಳೆದ ಮೇಲೆ ಅದೇ ಅಣ್ಣ, ನಮ್ಮ ಉಗ್ಗಪ್ಪ ಮಾವ, ನಿನ್ನನ್ನು ನೋಡಲು ಬಂದಿದ್ದರಂತೆ. ಆರು ವರ್ಷದಲ್ಲಿ ಮೊದಲನೇ ಸಲ, ಅದೂ ಇದನ್ನು ಹೇಳಲಿಕ್ಕೆ. "ನಮ್ಮ ಬರಿಯ ಹುಚ್ಚು ನಿನ್ನಲ್ಲಿಗೆ ಬಂದು ನಿಂತಿದೆ. ಮುಂದೆ ಉಳಿದದ್ದು ಆ ಹೆಣ್ಣು ಒಂದು. ನೀನು ದೂರ ಇದ್ದರೆ ಅದಾದರೂ ಬದುಕೀತು." ಈ ಮಾತನ್ನು ಅವರು ನನಗೂ ಹೇಳಿದ್ದಾರೆ, ಎಲೆ ಅಡಿಕೆ ಹಾಕಿಕೊಂಡು, ನ್ಯಾಯ ತೀರ್ಮಾನ ಮಾಡುವವರ ಹಾಗೆ. ನಮ್ಮಲ್ಲಿ ಗದ್ದೆ ಅಮ್ಮನಿಂದ, ಮನೆ ಅಮ್ಮನಿಂದ, ಕುಲ ಅಮ್ಮನಿಂದ, ಹಾಗಾಗಿ ಹುಚ್ಚೂ ಅಮ್ಮನಿಂದಲೇ ಬರಬೇಕು ಎಂಬುದು ಅವರ ಲೆಕ್ಕ. ಹೇಳಿಹೇಳಿ ಅದು ನಮಗೂ ಉಸಿರಿನಷ್ಟು ರೂಢಿಯಾಯಿತು. ಸೌದಾಮಿನಿ ಹುಟ್ಟಿದಾಗ ನಾನೇ ಅಮ್ಮನನ್ನು ಗುಟ್ಟಾಗಿ ಕೇಳಿದ್ದೆ, "ನಮ್ಮದು ಇವಳಿಗೆ ಬರಲಿಕ್ಕಿಲ್ಲ ಅಲ್ಲವಾ?" ಎಂದು. ಆಗಿನ್ನೂ ನಿನಗೆ ಏನೂ ಆಗಿರಲಿಲ್ಲ. ಹಾಗೆ ಹೆದರುತ್ತಲೇ ಬೆಳೆದವರು ನಾವು.

ಈಗ ಕೇಳು, ಹೋದ ತಿಂಗಳು ಎಂತಾಯಿತು ಎಂದು. ನಿನ್ನನ್ನು ನೋಡಲು ಬಂದಿದ್ದಾಗ ಡಾಕ್ಟರು ನನ್ನನ್ನು ಒಳಗೆ ಕರೆದು ಕೂರಿಸಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೋ ಎಂದು ಕೇಳಿದರು. ನಿನ್ನ ಹಾಳೆ ಬರುವ ಮೊದಲೇ ನಾನು ಅದನ್ನು ಬಾಯಿಪಾಠ ಒಪ್ಪಿಸಿದಂತೆ ಎಲ್ಲ ಹೇಳಿದೆ. ಅವರು ಬರೆದುಕೊಂಡು, "ಸರಿ, ಇನ್ನು ಅಪ್ಪನ ಕಡೆ?" ಎಂದರು. ನಾನು ನಕ್ಕುಬಿಟ್ಟೆ, ಪುರಂದರ. "ಅಪ್ಪನ ಮನೆಗೂ ನಮಗೂ ಎಂತ ಸಂಬಂಧ ಡಾಕ್ಟ್ರೆ? ಅವರದ್ದು ಬೇರೆ ಬರಿ" ಎಂದೆ. ಇಪ್ಪತ್ತನಾಲ್ಕು ವರ್ಷ ಕಿತ್ತುಹೋದ ಕೊಡೆಯ ಹಾಗೆ ಮೂಲೆಗೆ ಬಿದ್ದಿದ್ದ ಅಪ್ಪ, ಡಾಕ್ಟರರ ಕೋಣೆಯಲ್ಲಿ ನನ್ನ ಬಾಯಿಯಿಂದಲೇ ಇನ್ನೊಮ್ಮೆ ಮೂಲೆಗೆ ಬಿದ್ದ.

ಅವರು ಪೆನ್ನು ಕೆಳಗಿಟ್ಟರು. ಅವರು ಅಗಲ್ಪಾಡಿ ಕಡೆಯ ಬ್ರಾಹ್ಮಣರು. "ಅಲ್ಲ ಟೀಚರೇ, ನಮ್ಮವರು ಅಪ್ಪನ ಗೋತ್ರ ಮಾತ್ರ ಕೇಳ್ತಾರೆ, ನಿಮ್ಮವರು ಅಮ್ಮನ ಬರಿ ಮಾತ್ರ ಕೇಳ್ತೀರಿ. ಮಗು ಹುಟ್ಟಲಿಕ್ಕೆ ಇಬ್ಬರೂ ಬೇಕಲ್ಲ! ನಮ್ಮ ಅತ್ತೆಯನ್ನು ಮದುವೆ ಮಾಡಿಕೊಡುವಾಗ ಹುಡುಗನ ಏಳು ತಲೆಮಾರು ವಿಚಾರಿಸಿದರು, ಅವನ ತಾಯಿಯ ಮನೆಯನ್ನು ಒಬ್ಬನೂ ವಿಚಾರಿಸಲಿಲ್ಲ. ಕಾಯಿಲೆ ಇದ್ದದ್ದು ಅಲ್ಲೇ" ಎಂದು ತಾವೂ ನಕ್ಕರು. ನನಗೆ ಮುಖ ಎಲ್ಲಿಡುವುದು ಎಂದು ತಿಳಿಯಲಿಲ್ಲ. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಪಾಠ ಹೇಳುವವಳು ನಾನು.

ಅಪ್ಪ ನಿನಗೆ ನೆನಪುಂಟಾ? ಅವನು ಹೋಗುವಾಗ ನಿನಗೆ ಆರು ವರ್ಷ, ನನಗೆ ಹತ್ತು. ಮನೆಯ ಒಬ್ಬಳೇ ಮಗಳೆಂದು ಅಮ್ಮನನ್ನು ಗಂಡನ ಮನೆಗೆ ಕಳಿಸಿರಲಿಲ್ಲ. ಅಪ್ಪನೇ ಹದಿನೈದು ದಿನಕ್ಕೊಮ್ಮೆ ದೇಲಂಪಾಡಿಯಿಂದ ನಡೆದು ಬಂದು, ನೆಂಟನ ಹಾಗೆ ಎರಡು ದಿನ ಕೂತು ಹೋಗುತ್ತಿದ್ದ. ಐತಪ್ಪ ರೈಗಳು ಬಂದರು ಎಂದರೆ ಹೆಂಗಸರಿಗೆ ನಗು. ಯಾಕೆಂದರೆ ಕೆಲವು ಸಲ ಅಪ್ಪ ಯಾರೊಂದಿಗೂ ಮಾತಾಡದೆ ಸೀದಾ ಹಿತ್ತಲಿಗೆ ಹೋಗಿ, ಕೆಲಸದವಳ ಕೈಯಿಂದ ಒನಕೆ ತೆಗೆದುಕೊಂಡು, ಬೆವರು ಇಳಿಯುವ ತನಕ ಭತ್ತ ಕುಟ್ಟುತ್ತಿದ್ದ. ಗಂಡಸು, ಅದೂ ಮನೆಯ ಅಳಿಯ, ಭತ್ತ ಕುಟ್ಟುವುದು! "ರೈಗಳ ಊರಲ್ಲಿ ಹೆಂಗಸರೇ ಇಲ್ಲವಾ?" ಎಂದು ಉಗ್ಗಪ್ಪ ಮಾವ ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಉಂಟು. ಅಪ್ಪ ಜ್ವರದಲ್ಲಿ ಹೋದ ಮೇಲೆ ಆ ಊರಿಗೂ ನಮಗೂ ದಾರಿಯೇ ಅಳಿಸಿಹೋಯಿತು.

ಆ ದಾರಿಯನ್ನು ಹುಡುಕಿಕೊಂಡು ನಾನು ಕಳೆದ ಆದಿತ್ಯವಾರ ದೇಲಂಪಾಡಿಗೆ ಹೋದೆ. ನಿನ್ನ ಭಾವ ಪ್ರೇಮನಾಥರೂ ಬಂದರು. ಪಾಪ, ನನ್ನ ಬಾಯಿಗೆ ಹೆದರಿ ಎಲ್ಲಿಗೆ ಕರೆದರೂ ಬರುತ್ತಾರೆ. ಮುಳ್ಳೇರಿಯದವರೆಗೆ ಬಸ್ಸು, ಆಮೇಲೆ ಕಾಡಿನ ಅಂಚಿನಲ್ಲಿ ನಡಿಗೆ. ನನ್ನ ಚಪ್ಪಲಿ ಕಿತ್ತುಹೋಯಿತು, ಅದನ್ನೂ ನಿನ್ನ ಮೇಲೆಯೇ ಹೊರಿಸುತ್ತೇನೆ. ಅಪ್ಪನ ಮನೆ ಸಿಕ್ಕಿತು. ಜಗಲಿಯಲ್ಲಿ ಕೂತಿದ್ದ ಎಪ್ಪತ್ತರ ಹೆಂಗಸು ನನ್ನನ್ನು ಕಂಡವಳೇ, ಯಾರೆಂದು ನಾನು ಹೇಳುವ ಮೊದಲೇ, "ಐತಪ್ಪನ ಮೂಗು" ಎಂದಳು. ಅಪ್ಪನ ಅಕ್ಕ, ಗಂಗಾ ಮಾಮಿ. ನಮಗೊಬ್ಬಳು ಮಾಮಿ ಇದ್ದಾಳೆ ಎಂದು ಮೂವತ್ತನಾಲ್ಕು ವರ್ಷ ನನಗೆ ಗೊತ್ತಿರಲಿಲ್ಲ ಎಂದರೆ ನಾಚಿಕೆಯಾಗಬೇಕು.

ಸುತ್ತಿಬಳಸಿ ಕೇಳಬೇಕೆಂದು ದಾರಿಯಲ್ಲಿ ಹತ್ತು ಮಾತು ಕಟ್ಟಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ. ನಿನ್ನ ವಿಷಯ ಹೇಳಿದ ಕೂಡಲೇ ಮಾಮಿ, ನೆಗಡಿಯ ಬಗ್ಗೆ ಮಾತಾಡುವವಳ ಹಾಗೆ ಕೇಳಿದಳು: "ಅವನಿಗೂ ಸ್ವರ ಕೇಳ್ತದಾ? ನನಗೂ ಕೇಳ್ತದೆ. ಹದಿನೆಂಟನೇ ವರ್ಷದಿಂದ. ಎಲ್ಲ ದಿನ ಅಲ್ಲ, ಎರಡು ವರ್ಷಕ್ಕೊಮ್ಮೆ ಬರ್ತದೆ, ಒಂದೆರಡು ತಿಂಗಳು ಕೂತುಕೊಂಡು ಹೋಗ್ತದೆ. ಐತಪ್ಪನಿಗೂ ಇತ್ತು. ಅವ ಹೇಳ್ತಿರಲಿಲ್ಲ, ಕುಟ್ತಿದ್ದ."

 ಮಾಮಿಗೆ ಮೊದಲು ಬಂದಾಗ ಅಲ್ಲಿಯೂ ಕಟ್ಟಿ ಹಾಕಬೇಕೆಂದು ಹಗ್ಗ ತಂದರಂತೆ. ತಡೆದವನು ಅವಳ ತಾಯಿಯ ತಮ್ಮ, ಅವಳ ಮಾವ. ಅವನಿಗೂ ಇದೇ ಇತ್ತು. "ಇದು ನನಗೆ ಗೊತ್ತುಂಟು, ಇವಳನ್ನು ನನಗೆ ಬಿಡಿ" ಎಂದನಂತೆ. ಅವಳ ಕೈಗೆ ಒಂದು ಒನಕೆ ಕೊಟ್ಟು, ತಾನೊಂದು ಹಿಡಿದು, ಒರಳಿನ ಎದುರು ನಿಂತನಂತೆ. ಒಬ್ಬರದು ಏಳುವಾಗ ಇನ್ನೊಬ್ಬರದು ಬೀಳಬೇಕು, ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಮನಸ್ಸು ಅಲ್ಲೇ ಇರಬೇಕಾಗುತ್ತದೆ, ಸ್ವರ ಹಿಂದೆ ಸರಿಯುತ್ತದೆ. ಮಾವ ಸತ್ತ ಮೇಲೆ ಮನೆಯ ಬೇರೆಯವರು. ಮಾಮಿ ಹಗಲಲ್ಲಿ ಸುಮ್ಮನೆ ಎದ್ದು ಒನಕೆ ಹಿಡಿದರೆ ಮನೆಗೆ ಅರ್ಥವಾಗುತ್ತದೆ, ಯಾರಾದರೊಬ್ಬರು ಕೈಯ ಕೆಲಸ ಬಿಟ್ಟು ಬಂದು ಎದುರು ನಿಲ್ಲುತ್ತಾರೆ. ಹಾಗೆ ಐವತ್ತು ವರ್ಷ! ಎಲ್ಲ ಚೆಂದವಾಗಿಯೇ ನಡೆಯಿತು ಎಂದಲ್ಲ. ಒಮ್ಮೆ ಮೂರು ದಿನ ಕಾಡಿನಲ್ಲಿ ಕಳೆದುಹೋಗಿದ್ದಳಂತೆ, ಮದುವೆಯೂ ಆಗಲಿಲ್ಲ. ಆದರೆ ಆ ಮನೆಯ ಮೊಮ್ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳು ಅವಳೇ. ನನಗೆ ಎರಡು ಸೌಟು ಪಾಯಸ ಜಾಸ್ತಿ ಹಾಕಿ, ಬೇಡ ಎಂದದ್ದಕ್ಕೆ ಗದರಿಸಿದಳು.

ಹಿಂದೆ ಬರುವಾಗ ದಾರಿಯುದ್ದಕ್ಕೂ ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ನಾವು ಎರಡು ತಲೆಮಾರಿನ ಹೆಂಗಸರ ದುಃಖವನ್ನೆಲ್ಲ ಒಟ್ಟು ಮಾಡಿ ಹುಚ್ಚು ಎಂದು ಹೆಸರಿಟ್ಟು ಹೆದರುತ್ತ ಕೂತಿದ್ದೆವು. ಬಂದದ್ದು ನೆಂಟನ ಹಾಗೆ ಬಂದುಹೋಗುತ್ತಿದ್ದ ಅಪ್ಪನೊಟ್ಟಿಗೆ. ಅವನನ್ನು ಲೆಕ್ಕಕ್ಕೇ ಹಿಡಿಯದ ಕಾರಣ ಅವನ ಮನೆಯವರಿಗೆ ಗೊತ್ತಿದ್ದ ಉಪಾಯವೂ ನಮಗೆ ಸಿಗಲಿಲ್ಲ. ಎಪ್ಪತ್ತರಲ್ಲಿ ಮಾಮಿ ಜಗಲಿಯಲ್ಲಿ ಕೂತು ನನ್ನ ಮೂಗು ಗುರುತು ಹಿಡಿಯುತ್ತಾಳೆ, ಮೂವತ್ತರಲ್ಲಿ ನೀನು ಆಸ್ಪತ್ರೆಯಲ್ಲಿ ಕೂತು ಬೊಟ್ಟಿಡುತ್ತೀ. ರಕ್ತ ಇಬ್ಬರದ್ದೂ ಒಂದೇ ಅಲ್ಲವಾ?

ಹಾಗಾದರೆ ರಕ್ತದ ಮಾತು ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಿನ್ನ ಹಾಗೆ ಒಂದೇ ಕಡೆ ವಾಲುವ ಜನ ನಾನಲ್ಲ. ಡಾಕ್ಟರಿಗೆ ಎಲ್ಲ ಬರೆದು ಕೇಳಿದೆ. ಅವರ ಉತ್ತರವನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಹೆತ್ತವರಿಂದ ಬರುವುದು ಉಂಟು, ಇಲ್ಲ ಎನ್ನಲಾರೆ. ಆದರೆ ಬಂದೇ ಬರುತ್ತದೆ ಎಂದು ಹೇಳುವವನು ಡಾಕ್ಟರಲ್ಲ, ಜೋಯಿಸ. ಅದೇ ಹೊಟ್ಟೆಯಲ್ಲಿ ಹುಟ್ಟಿದ ನಿಮಗೆ ಬರಲಿಲ್ಲ. ಬಂದವರಿಗೂ ಎಷ್ಟು ಜೋರಾಗಿ, ಎಷ್ಟು ಕಾಲ ಎಂಬುದು ಅವರನ್ನು ಮನೆಯವರು ಹೇಗೆ ನೋಡಿಕೊಂಡರು ಎಂಬುದರ ಮೇಲೂ ನಿಂತಿರುತ್ತದೆ. ಒನಕೆ ಮದ್ದಲ್ಲ ಟೀಚರೇ. ಆದರೆ ಸರಪಳಿಗಿಂತ ಸಾವಿರ ಪಾಲು ಮೇಲು." ನಿನ್ನ ಹಾಳೆಯ ಇನ್ನೊಂದು ಅರ್ಧವನ್ನು, ಅಪ್ಪನ ಕಡೆಯದ್ದನ್ನು, ನಾನು ಕೆಂಪು ಶಾಯಿಯಲ್ಲಿ ಬರೆದು ಇದರೊಟ್ಟಿಗೆ ಕಳಿಸಿದ್ದೇನೆ. ಗೆರೆ ಸೊಟ್ಟ ಬಂದಿದ್ದರೆ ಸುಮ್ಮನೆ ಓದು.

ಇಷ್ಟರವರೆಗೆ ಉಗ್ಗಪ್ಪ ಮಾವನನ್ನು ಬೈದೆ, ನಿನ್ನನ್ನು ಬೈದೆ. ಈಗ ಒಂದು ಮಾತು ಉಂಟು. ಹನ್ನೊಂದು ವರ್ಷದಿಂದ ಗಂಟಲಿನಲ್ಲಿ ಇಟ್ಟುಕೊಂಡದ್ದು. ಇದನ್ನು ಬರೆಯಬೇಕೆಂದು ಮೂರು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ನಲ್ವತ್ತೆರಡನೇ ಇಸವಿಯ ಮೇ ತಿಂಗಳು. ನಾನು ಸೌದಾಮಿನಿಯನ್ನು ಎತ್ತಿಕೊಂಡು ರಜೆಗೆ ಅಮ್ಮನ ತರವಾಡು ಮನೆಗೆ ಬಂದಿದ್ದೆ. ಒಂದು ಸಂಜೆ ಕೆರೆಯ ಮೆಟ್ಟಿಲಲ್ಲಿ ನೀನು ಒಬ್ಬನೇ ಕೂತು ಯಾರಿಗೋ ಉತ್ತರ ಕೊಡುತ್ತಿದ್ದೆ. ನಿನಗೆ ಹತ್ತೊಂಬತ್ತು ವರ್ಷ. ನನ್ನನ್ನು ನೋಡಿ ನೀನು ನಕ್ಕೆ, ಹೆದರಿದವರು ನಗುವ ಹಾಗೆ. ನಾನು ಹತ್ತಿರ ಬಂದು ಕೂರಲಿಲ್ಲ, ಪುರಂದರ. ಎಂತ ಆಯಿತು ಎಂದು ಕೇಳಲಿಲ್ಲ. ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ಓಡಿಹೋಗಿ ಉಗ್ಗಪ್ಪ ಮಾವನಿಗೆ ಹೇಳಿದೆ. "ಮಾವ, ಶುರುವಾಯ್ತು" ಎಂದೆ. ಅಷ್ಟೇ ಶಬ್ದ. ಯಾವಾಗ ಶುರುವಾಗುತ್ತದೆ ಎಂದು ನಾವೆಲ್ಲ ಮೊದಲಿನಿಂದ ಕಾಯುತ್ತಿದ್ದೆವು ನೋಡು. ಮರುದಿನ ನಾನು ಬಸ್ಸು ಹತ್ತಿ ಕಾಸರಗೋಡಿಗೆ ಬಂದುಬಿಟ್ಟೆ. ವಾರದೊಳಗೆ ಸರಪಳಿ ಬಂತು. ಯಾರೋ ಕೆಲಸದವರು ಹೇಳಿರಬೇಕು ಎಂದು ನೀನು ಇವತ್ತಿಗೂ ತಿಳಿದುಕೊಂಡಿದ್ದೀ. ಕೆಲಸದವರಲ್ಲ, ನಾನು. ಅಮ್ಮನಿಗೆ ಗೊತ್ತಿತ್ತು. ಅವಳು ಮೊದಲು ಮಾತು ಬಿಟ್ಟದ್ದು ನನ್ನೊಟ್ಟಿಗೆ.

ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ಬೈಯಬೇಕೆಂದಿದ್ದರೆ ಬೈ, ಆದರೆ ಎದುರು ಬಂದು ತುಳುವಿನಲ್ಲಿ ಬೈ.

ಯಾಕೆ ಇದನ್ನು ಈಗ ಹೇಳುತ್ತಿದ್ದೇನೆ ಎಂದರೆ, ಸೌದಾಮಿನಿಗೆ ಹನ್ನೆರಡು ತುಂಬಿತು. ಎರಡು ತಿಂಗಳಿಂದ ಅವಳು ಬಾವಿಕಟ್ಟೆಯ ಹತ್ತಿರ ಒಬ್ಬಳೇ ನಿಂತು ಮಾತಾಡುತ್ತಾಳೆ. ಶಾಲೆಯ ನಾಟಕದ ಮಾತೋ, ಹುಡುಗಿಯರ ಆಟವೋ, ಬೇರೆ ಏನೋ, ನನಗೆ ಗೊತ್ತಿಲ್ಲ. ಬಹುಶಃ ಏನೂ ಇಲ್ಲ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ಹೋದ ವಾರ ಅವಳು ತಟ್ಟನೆ ತಿರುಗಿ ನನ್ನನ್ನು ಕಂಡಳು. ಕಂಡು ನಕ್ಕಳು. ಕೆರೆಯ ಮೆಟ್ಟಿಲಲ್ಲಿ ನೀನು ನಕ್ಕ ಅದೇ ನಗು! ಅದು ರಕ್ತದಿಂದ ಬಂದದ್ದಲ್ಲ ಮಾರಾಯ, ಬಾಗಿಲ ಹಿಂದೆ ನಿಂತ ನನ್ನಿಂದ ಬಂದದ್ದು. ನಿನ್ನನ್ನು ದೂರ ಇಟ್ಟರೆ ಅವಳು ಬದುಕುತ್ತಾಳೆ ಎಂದು ನೀನು ಹೇಳುತ್ತೀ. ನೀನು ಆರು ವರ್ಷದಿಂದ ದೂರವೇ ಇದ್ದೀಯಲ್ಲ, ನಾವು ಅವಳನ್ನು ಹೀಗೆ ಕಾಯುವುದು ತಪ್ಪಿತಾ?

ಅವಳಿಗೆ ಅದು ಬರಲಿಕ್ಕಿಲ್ಲ. ಬಂದರೂ ಬರಬಹುದು. ಬಂದರೆ ನಾನು ಮತ್ತೆ ಹೆದರಿ ಓಡುವವಳೇ, ನನ್ನ ಯೋಗ್ಯತೆ ನನಗೆ ಗೊತ್ತು. ಪ್ರೇಮನಾಥರು ಡಾಕ್ಟರಿಗೆ ತಂತಿ ಕೊಡುತ್ತಾರೆ, ಅಷ್ಟೇ. "ಇದು ನನಗೆ ಗೊತ್ತುಂಟು, ಇವಳನ್ನು ನನಗೆ ಬಿಡಿ" ಎಂದು ಹೇಳಬಲ್ಲವನು ಈ ಬರಿಯಲ್ಲಿ ಒಬ್ಬನೇ ಇದ್ದಾನೆ. ಅವನು ಅಲ್ಲಿ ಅಡ್ಡಕೋಲು ಹಿಡಿದುಕೊಂಡು ಗೆರೆ ಎಳೆಯುತ್ತ ಕೂತಿದ್ದಾನೆ. ಅವಳಿಗೋಸ್ಕರ ಬರುವುದಿಲ್ಲ ಎನ್ನುತ್ತೀಯಲ್ಲ, ಅವಳಿಗೋಸ್ಕರವೇ ಬಾ ಎನ್ನುತ್ತೇನೆ ನಾನು. ನೀನು ಅವಳ ಮಾವ. ನಮ್ಮಲ್ಲಿ ಮಾವ ಎಂದರೆ ಸರಪಳಿ ಹಾಕುವವನು ಎಂದು ಮಾತ್ರ ಅವಳು ಕಲಿಯುವುದು ಬೇಡ.

ಇಪ್ಪತ್ತೆರಡನೇ ತಾರೀಕು ಆದಿತ್ಯವಾರ ಬೆಳಗಿನ ರೈಲಿಗೆ ನಾವು ಮೂವರೂ ಬರುತ್ತೇವೆ. ಸೌದಾಮಿನಿಯೂ. ಅವಳಿಗೆ ಎಲ್ಲ ಹೇಳಿದ್ದೇನೆ, ನಿನ್ನ ಬೊಟ್ಟಿನ ಹಾಳೆಯನ್ನೂ ತೋರಿಸಿದ್ದೇನೆ. ತನ್ನ ಹೆಸರಿನ ಮುಂದಿನ ಸೊನ್ನೆ ನೋಡಿ, "ಮಾವನಿಗೆ ರೌಂಡ್ ಸರಿಯಾಗಿ ಬರೆಯಲಿಕ್ಕೆ ಬರ್ತದೆ" ಎಂದಳು. ಆಮೇಲೆ ಅದಕ್ಕೆ ಕಣ್ಣು, ಮೂಗು, ಎರಡು ಜಡೆ ಬರೆದಳು. ಮೂಗು ನಮ್ಮ ಅಪ್ಪನದೇ.

ನಿನ್ನ ಬಿಳಿ ಅಂಗಿ ಎರಡು ಹೊಲಿಸಿದ್ದೇನೆ. ಆರು ವರ್ಷದ ಹಿಂದಿನ ಅಳತೆ, ಬಿಗಿಯಾದರೆ ನನ್ನನ್ನು ದೂರಬೇಡ. ಗಂಗಾ ಮಾಮಿ ಎರಡು ಒನಕೆ ಕೊಟ್ಟಿದ್ದಾಳೆ. ಅವನ್ನು ಬಸ್ಸಿನ ಮೇಲೆ ಹಾಕಿ ತರುವಾಗ ಕಂಡಕ್ಟರನಿಂದ ಹಿಡಿದು ಎಲ್ಲರೂ ನಕ್ಕರು, ಪ್ರೇಮನಾಥರು ಇಡೀ ದಾರಿ ಕಿಟಕಿಯಿಂದ ಆಚೆ ನೋಡಿಕೊಂಡಿದ್ದರು. ಹಿತ್ತಲಿನಲ್ಲಿ ಒರಳು ಹಾಕಿಸಿದ್ದೇನೆ. ನಿನ್ನೆ ನಾನೂ ಸೌದಾಮಿನಿಯೂ ಕುಟ್ಟಲು ನೋಡಿದೆವು. ಹತ್ತು ಪೆಟ್ಟಿನೊಳಗೆ ನಾಲ್ಕು ಸಲ ಒನಕೆಗೆ ಒನಕೆ ತಾಗಿತು. ನನಗೆ ತಾಳ ಬರುವುದಿಲ್ಲ ಎಂದು ನಿನಗೆ ಗೊತ್ತೇ ಉಂಟು.

ದೇವರು ನಿನ್ನನ್ನು ತಣ್ಣಗಿಡಲಿ. ಅಪ್ಪನ ಮನೆಯ ದೈವವೂ ಕಾಯಲಿ, ಇಷ್ಟು ವರ್ಷ ಅದನ್ನು ನಾವು ಕೇಳಿಯೇ ಇರಲಿಲ್ಲ. ಆದಿತ್ಯವಾರ ಗೇಟಿನ ಹತ್ತಿರ ನಿಂತಿರು, ಒಳಗೆ ಅಡಗಿ ಕೂರಬೇಡ.

ನಿನ್ನನ್ನು ಅವತ್ತು ಹಿಡಿದುಕೊಟ್ಟವಳು, ಈಗ ಕರೆದುಕೊಂಡು ಹೋಗಲು ಬರುವವಳು,
ನಿನ್ನ ಅಕ್ಕ
ಹರಿಣಾಕ್ಷಿ